ತೋಳು ಬಲಿಯಿತು, ಮನಸ್ಸು ಸೊರಗಿತು

ಪ್ರತಿವರ್ಷ ಸೆಪ್ಟೆಂಬರ್ 8 ಹತ್ತಿರವಾಯಿತೆಂದರೆ ಹರಿಹರದ ಆರೋಗ್ಯಮಾತೆಯ ಪುಣ್ಯಕ್ಷೇತ್ರದತ್ತ ಜನ ಹೊಳೆಯಂತೆ ಹರಿದು ಬರುತ್ತಾರೆ. ತುಂಗಭದ್ರೆಯ ದಡದ ಈ ಊರಿಗೆ ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. 2019ರಲ್ಲಿ ಈ ದೇವಾಲಯಕ್ಕೆ ಕಿರಿಯ ಬೆಸಿಲಿಕದ ಪದವಿ ದೊರೆತಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಮೇಣದಬತ್ತಿ ಹಚ್ಚಿ, ಮೊಣಕಾಲೂರಿ ನಾವು ಆ ತಾಯಿಯಲ್ಲಿ ಬೇಡುವುದಾದರೂ ಏನು? ಹೆಸರೇ ಹೇಳುವಂತೆ, ಆರೋಗ್ಯ. ತಾಯಂದಿರು ಬೇಡುವುದು ತಮ್ಮ ಆರೋಗ್ಯವನ್ನಲ್ಲ. ಒಂದೊಂದೇ ಹೆಸರು ಹೇಳಿ ಮಕ್ಕಳ ಆರೋಗ್ಯವನ್ನು ಬೇಡುತ್ತಾರೆ.

ಪ್ರಿಯ ಓದುಗರೇ, ಹಾಗೆ ಬೇಡುತ್ತಿರುವ ತಾಯಿಯ ಪಕ್ಕದಲ್ಲಿ ನಿಂತಿರುವ ಮಗನನ್ನು ಒಮ್ಮೆ ನೋಡಿ. ಬಿಗಿಯಾದ ಅಂಗಿ, ಅಂಗಿಯ ತೋಳನ್ನು ಹರಿಯುವಂತಿರುವ ರಟ್ಟೆ, ಕುತ್ತಿಗೆಯೇ ಕಾಣದಷ್ಟು ಉಬ್ಬಿದ ಹೆಗಲು. ಕಂಡವರೆಲ್ಲ, "ಎಂಥ ಮೈಕಟ್ಟು!" ಎನ್ನುತ್ತಾರೆ. ತಾಯಿಯ ಮುಖ ಅರಳುತ್ತದೆ. ಆ ಮೈಕಟ್ಟಿನಲ್ಲಿ ಎಷ್ಟು ಪಾಲು ಬೆವರಿನದು, ಎಷ್ಟು ಪಾಲು ಸೂಜಿಯದು ಎಂದು ಕೇಳುವವರು ಯಾರು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಬೇರೆ ಎಲ್ಲದಕ್ಕೂ ಅನ್ವಯಿಸುವ ನಾವು ಉಬ್ಬಿದ ತೋಳಿನ ವಿಷಯದಲ್ಲಿ ಮಾತ್ರ ಮರೆಯುತ್ತೇವೆ.

ಈ ಲೇಖನ ಆ ಮರೆವಿನ ವಿರುದ್ಧ. ನಾನು ಹೇಳಬೇಕಾದುದು ಒಂದೇ ಮಾತು: ದೇಹ ಬೆಳೆಸಲು ಅನಾಬೋಲಿಕ್ ಸ್ಟೆರಾಯ್ಡ್ ಚುಚ್ಚಿಕೊಳ್ಳುವುದು ಕುಡಿತದಂತೆಯೇ ಒಂದು ವ್ಯಸನವಾಗಬಲ್ಲದು. ಅದರ ಕ್ರೂರ ಪೆಟ್ಟು ಬೀಳುವುದು ಮನಸ್ಸಿನ ಮೇಲೆ. ಕುಡುಕನಿಗೆ ಬುದ್ಧಿ ಹೇಳುವ ನಾವು ಈ ವ್ಯಸನಿಗೆ ಮಾತ್ರ ಚಪ್ಪಾಳೆ ತಟ್ಟುತ್ತಿದ್ದೇವೆ.

ಗರಡಿಯಿಂದ ಜಿಮ್ಮಿಗೆ

ಮೊದಲೇ ಸ್ಪಷ್ಟಪಡಿಸುತ್ತೇನೆ. ವ್ಯಾಯಾಮವನ್ನು ದೂರುವುದು ನನ್ನ ಉದ್ದೇಶವಲ್ಲ. ದಾವಣಗೆರೆ ಗರಡಿಮನೆಗಳ ಊರು. ಕುಸ್ತಿ, ದೇಹದಾರ್ಢ್ಯ, ಭಾರ ಎತ್ತುವ ಸ್ಪರ್ಧೆಗಳಿಗೆ ಈ ಊರಿನಲ್ಲಿ ಹಳೆಯ ಹೆಸರಿದೆ. ಹತ್ತಿ ಗಿರಣಿಗಳು ಕೂಗು ಹಾಕುತ್ತಿದ್ದ ಕಾಲದಲ್ಲಿ ಪಾಳಿ ಮುಗಿಸಿದ ಕಾರ್ಮಿಕರ ಮಕ್ಕಳು ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿ, ದಂಡ ಬಸ್ಕಿ ಹೊಡೆದು, ಹಾಲು ಬಾದಾಮಿ ತಿಂದು ಮೈ ಬೆಳೆಸಿದರು. ಅಲ್ಲಿ ಉಸ್ತಾದರ ಕಣ್ಣಿತ್ತು, ನಿಯಮವಿತ್ತು, ಕಾಲ ತೆಗೆದುಕೊಳ್ಳುವ ತಾಳ್ಮೆಯಿತ್ತು. ಮೈ ಎಷ್ಟು ದಿನಕ್ಕೆ ಎಷ್ಟು ಬೆಳೆಯಬೇಕೋ ಅಷ್ಟೇ ಬೆಳೆಯುತ್ತಿತ್ತು.

ಆ ಗಿರಣಿಗಳು ನಿಂತವು. ಹರಿಹರದಲ್ಲಿ ಸಾವಿರಾರು ಕುಟುಂಬಗಳಿಗೆ ಅನ್ನವಿತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ತಂದೆಯ ಮೈ ದುಡಿಮೆಯಲ್ಲಿ ಗಟ್ಟಿಯಾಗಿತ್ತು. ದುಡಿಮೆ ಸಿಗದ ಮಗನಿಗೆ ಮೈಯೇ ಒಂದು ಬಂಡವಾಳವಾಗಿ ತೋರಿತು. ಮೈ ಇದ್ದರೆ ಜಿಮ್ಮಿನಲ್ಲಿ ಟ್ರೇನರ್ ಆಗಬಹುದು, ಪೊಲೀಸ್ ಅಥವಾ ಸೇನೆಯ ಆಯ್ಕೆಗೆ ನಿಲ್ಲಬಹುದು, ಕಡೆಗೆ ಓಣಿಯಲ್ಲಿ ನಾಲ್ಕು ಜನ ತಿರುಗಿ ನೋಡಬಹುದು. ಸಿನಿಮಾ ನಾಯಕನ ಹೊಟ್ಟೆಯ ಮೇಲಿನ ಆರು ಗಂಟುಗಳು, ಈಗ ಕೈಯಲ್ಲಿರುವ ಫೋನಿನ ಪರದೆಯೂ ಅದನ್ನೇ ಹೇಳುತ್ತವೆ. ಮೂರು ವರ್ಷದ ಬೆಳೆಯನ್ನು ಮೂರು ತಿಂಗಳಲ್ಲಿ ಕೊಯ್ಯುವ ಆಸೆ ಹುಟ್ಟುವುದು ಇಲ್ಲಿ. ಆಗ ಯಾರೋ ಒಬ್ಬ ಹತ್ತಿರ ಬಂದು, "ಒಂದು ಕೋರ್ಸ್ ಹಾಕು" ಎನ್ನುತ್ತಾನೆ.

ಏನಿದು ಸ್ಟೆರಾಯ್ಡ್?

ಅಸ್ತಮಾಕ್ಕೆ, ಕೀಲುಬಾವಿಗೆ, ಚರ್ಮದ ಕಾಯಿಲೆಗೆ ವೈದ್ಯರು ಕೊಡುವ ಸ್ಟೆರಾಯ್ಡ್ ಬೇರೆ. ನಾವು ಮಾತನಾಡುತ್ತಿರುವುದು ಬೇರೆ. ಈ ಲೇಖನ ಓದಿ ಯಾರೂ ತಮ್ಮ ಅಸ್ತಮಾದ ಔಷಧವನ್ನು ನಿಲ್ಲಿಸಬಾರದು. ಇಲ್ಲಿನ ವಿಷಯ ಟೆಸ್ಟೊಸ್ಟೆರೋನ್ ಎಂಬ ಗಂಡು ಹಾರ್ಮೋನು ಮತ್ತು ಅದರ ಕೃತಕ ರೂಪಗಳದು. 1935ರಲ್ಲಿ ಯೂರೋಪಿನ ವಿಜ್ಞಾನಿಗಳು ಟೆಸ್ಟೊಸ್ಟೆರೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಈ ಕೆಲಸದಲ್ಲಿ ತೊಡಗಿದ್ದ ಬುಟೆನಾಂಟ್ ಮತ್ತು ರುಝಿಚ್ಕಾ ಎಂಬ ವಿಜ್ಞಾನಿಗಳಿಗೆ 1939ರ ನೊಬೆಲ್ ಬಹುಮಾನ ಬಂದಿತು. ಹಾರ್ಮೋನಿನ ಕೊರತೆಯಿರುವವರಿಗೆ, ಪ್ರಾಯಕ್ಕೆ ಬರುವುದು ತಡವಾದ ಹುಡುಗರಿಗೆ, ಕಾಯಿಲೆಯಿಂದ ಮೈ ಕರಗುತ್ತಿರುವವರಿಗೆ ಅದು ನಿಜವಾಗಿಯೂ ವರ. ಆದರೆ 1958ರಲ್ಲಿ ಅಮೆರಿಕದಲ್ಲಿ ಡಯನಾಬಾಲ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂದಮೇಲೆ ಭಾರ ಎತ್ತುವವರು ಕಾಯಿಲೆಯಿಲ್ಲದೆಯೇ ಅದನ್ನು ನುಂಗತೊಡಗಿದರು. ಅಲ್ಲಿಂದ ಅದು ಜಗತ್ತಿನ ಜಿಮ್ಮುಗಳಿಗೆಲ್ಲ ಹರಡಿತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಓಟಗಾರ ಬೆನ್ ಜಾನ್ಸನ್ ಚಿನ್ನದ ಪದಕ ಕಳೆದುಕೊಂಡದ್ದು ಸ್ಟ್ಯಾನೊಜೊಲಾಲ್ ಎಂಬ ಇಂಥದೇ ವಸ್ತುವಿನಿಂದ.

ಜಿಮ್ಮಿನಲ್ಲಿ ಚುಚ್ಚಿಕೊಳ್ಳುವ ಪ್ರಮಾಣ ವೈದ್ಯರು ಕೊಡುವ ಪ್ರಮಾಣವಲ್ಲ. ಅದರ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದಲ್ಲ, ಎರಡು ಮೂರು ಬಗೆಯವನ್ನು ಒಟ್ಟಿಗೆ ಸೇರಿಸಿ ವಾರಗಟ್ಟಲೆ ಹಾಕಿಕೊಳ್ಳುತ್ತಾರೆ. ಹೃದಯ ದಪ್ಪವಾಗುವುದು, ರಕ್ತದೊತ್ತಡ, ಯಕೃತ್ತಿನ ತೊಂದರೆ, ಬಂಜೆತನ, ಹಂಚಿಕೊಂಡ ಸೂಜಿಯಿಂದ ಎಚ್‌ಐವಿ ಮತ್ತು ಕಾಮಾಲೆ - ಇವುಗಳನ್ನು ಕುರಿತು ಪತ್ರಿಕೆಗಳಲ್ಲಿ ಆಗಾಗ ಓದಿದ್ದೀರಿ. ಡೆನ್ಮಾರ್ಕ್ ದೇಶದಲ್ಲಿ ಜಿಮ್ಮುಗಳಲ್ಲಿಯೂ ಪರೀಕ್ಷೆ ನಡೆಯುತ್ತದೆ. ಅಲ್ಲಿ ಹೀಗೆ ಸಿಕ್ಕಿಬಿದ್ದ 1,189 ಪುರುಷರನ್ನು ಸರಾಸರಿ ಹನ್ನೊಂದು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಅವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಸುಮಾರು 2.8 ಪಟ್ಟು ಹೆಚ್ಚಾಗಿತ್ತು. ದೇಹದ ಕಥೆ ಇಷ್ಟು ಸಾಕು. ನಾವು ಮಾತನಾಡದೆ ಬಿಟ್ಟಿರುವುದು ಮನಸ್ಸಿನ ಕಥೆಯನ್ನು.

ಒಂದು ಮನೆಯ ಚಿತ್ರ

ಇಂಥ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಯಾರ ಮನೆಯೆಂದು ಹುಡುಕಬೇಡಿ. ನಮ್ಮ ಯಾವ ಧರ್ಮಕೇಂದ್ರದಲ್ಲಾದರೂ ಇರಬಹುದಾದ ಮನೆ ಅದು. ಇಪ್ಪತ್ತೆರಡರ ಮಗ. ತಾಯಿ ಅಕ್ಕಪಕ್ಕದವರಿಗೆ ಹೇಳುತ್ತಾಳೆ: "ನಮ್ಮ ಹುಡುಗನಿಗೆ ಬೀಡಿ ಇಲ್ಲ, ಕುಡಿತ ಇಲ್ಲ. ಜಿಮ್ಮು, ಮನೆ, ಅಷ್ಟೇ ನೋಡ್ರಿ."

ಮೊದಲ ತಿಂಗಳುಗಳಲ್ಲಿ ಅವನಲ್ಲಿ ಹೊಸ ಹುರುಪು ಕಾಣುತ್ತದೆ. ನಿದ್ದೆ ಕಡಿಮೆ, ಮಾತು ಹೆಚ್ಚು, ತನ್ನಿಂದಾಗದುದು ಯಾವುದೂ ಇಲ್ಲವೆಂಬ ಧಾಟಿ. ಬೈಕಿನ ವೇಗ ಹೆಚ್ಚುತ್ತದೆ. ಕ್ರಮೇಣ ಸಣ್ಣ ಮಾತಿಗೂ ಸಿಡುಕು. ಊಟದಲ್ಲಿ ಮೊಟ್ಟೆ ಕಡಿಮೆಯಾಯಿತೆಂದು ತಟ್ಟೆ ಎಸೆಯುತ್ತಾನೆ. ತಂಗಿಯ ಮೇಲೆ ಕೈ ಎತ್ತುತ್ತಾನೆ. ಗೆಳೆಯರು ಬೆಣ್ಣೆದೋಸೆಗೆ ಕರೆದರೆ ಹೋಗುವುದಿಲ್ಲ, ಬಂಧುಗಳ ಮದುವೆಗೆ ಬರುವುದಿಲ್ಲ, ಭಾನುವಾರದ ಬಲಿಪೂಜೆ ತಪ್ಪಿದರೂ ಜಿಮ್ಮು ತಪ್ಪುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಕನ್ನಡಿಯ ಮುಂದೆ ನಿಲ್ಲುತ್ತಾನೆ. ನೋಡುವವರಿಗೆ ಅವನು ಭೀಮ. ಅವನ ಕಣ್ಣಿಗೆ ಮಾತ್ರ ಕನ್ನಡಿಯಲ್ಲಿ ಕಾಣುವುದು ನರಪೇತಲ. ಇದು ಸೋಗಲ್ಲ, ಒಂದು ಮನೋವ್ಯಾಧಿ. ಹಸಿವು ಕಟ್ಟಿಕೊಂಡು ಎಲುಬುಗೂಡಾದ ಹುಡುಗಿಯೊಬ್ಬಳಿಗೆ ತಾನು ದಪ್ಪಗಿದ್ದೇನೆಂದು ತೋರುವಂತೆ, ಇವನಿಗೆ ತಾನು ಸಣಕಲನೆಂದು ತೋರುತ್ತದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1990ರ ದಶಕದಲ್ಲಿಯೇ ಇದನ್ನು ಗುರುತಿಸಿ ವಿವರಿಸಿದರು.

ಅದೇ ಪೋಪ್ ಮತ್ತು ಅವರ ಸಹೋದ್ಯೋಗಿ ಕಾಟ್ಜ್ 1988ರಲ್ಲಿ ಸ್ಟೆರಾಯ್ಡ್ ಬಳಸಿದ 41 ಮಂದಿ ದೇಹದಾರ್ಢ್ಯಪಟುಗಳನ್ನೂ ಫುಟ್‌ಬಾಲ್ ಆಟಗಾರರನ್ನೂ ಸಂದರ್ಶಿಸಿ ವರದಿ ಪ್ರಕಟಿಸಿದರು. ಅವರಲ್ಲಿ 9 ಮಂದಿಗೆ ಉನ್ಮಾದ ಅಥವಾ ಖಿನ್ನತೆಯ ಪೂರ್ಣ ಲಕ್ಷಣಗಳು ಕಂಡಿದ್ದವು; 5 ಮಂದಿಗೆ ಇಲ್ಲದ್ದನ್ನು ಇದೆಯೆಂದು ಭ್ರಮಿಸುವ, ಯಾರೋ ಬೆನ್ನುಹತ್ತಿದ್ದಾರೆಂದು ಶಂಕಿಸುವ ಚಿತ್ತವಿಕಾರವೇ ಆಗಿತ್ತು. ಎಲ್ಲರಿಗೂ ಹೀಗಾಗುತ್ತದೆಯೇ? ಇಲ್ಲ, ಸತ್ಯವನ್ನು ಉತ್ಪ್ರೇಕ್ಷಿಸಬಾರದು. 2000ದಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ವಾರಕ್ಕೆ 600 ಮಿಲಿಗ್ರಾಂವರೆಗೆ ಟೆಸ್ಟೊಸ್ಟೆರೋನ್ ಪಡೆದವರಲ್ಲಿ ಹೆಚ್ಚಿನವರ ಮನಸ್ಥಿತಿ ಅಷ್ಟೇನೂ ಬದಲಾಗಲಿಲ್ಲ. ಕೆಲವರದು ಮಾತ್ರ ಉನ್ಮಾದದತ್ತ ಏರಿತು. ಆದರೆ ಆ ಕೆಲವರಲ್ಲಿ ತನ್ನ ಮಗನೂ ಒಬ್ಬನೋ ಅಲ್ಲವೋ ಎಂದು ಸೂಜಿ ಚುಚ್ಚುವ ಮೊದಲು ಯಾವ ತಂದೆತಾಯಿ ಹೇಳಬಲ್ಲರು? ಜಿಮ್ಮಿನ ಟ್ರೇನರ್ ಹೇಳಬಲ್ಲನೇ?

ಹುಲಿಯ ಬೆನ್ನಿನಿಂದ ಇಳಿಯುವಾಗ

ಹುಲಿಯ ಬೆನ್ನೇರಿದವನಿಗೆ ಅಪಾಯ ಎದುರಾಗುವುದು ಇಳಿಯುವಾಗ. ಇಲ್ಲಿಯೂ ಹಾಗೆಯೇ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ. ಮನೆಯವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ನಮ್ಮ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಮೈಗೆ ಎಷ್ಟು ಗಂಡು ಹಾರ್ಮೋನು ಬೇಕೆಂದು ಅಳೆದು ವೃಷಣಗಳಿಗೆ ಅಪ್ಪಣೆ ಕೊಡುತ್ತಿರುತ್ತದೆ. ಮನೆಯ ಸಂಪಿಗೆ ದಿನವೂ ಟ್ಯಾಂಕರ್ ನೀರು ಬಂದು ತುಂಬಿದರೆ ನಾವು ಕೊಳವೆಬಾವಿಯ ಮೋಟಾರನ್ನು ನಿಲ್ಲಿಸಿಬಿಡುವುದಿಲ್ಲವೇ? ಸೂಜಿಯಿಂದ ಹಾರ್ಮೋನು ಸುರಿದಾಗ ಆ ಗ್ರಂಥಿಯೂ ಅಪ್ಪಣೆ ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ. ಒಂದು ದಿನ ಟ್ಯಾಂಕರ್ ಬರುವುದು ನಿಲ್ಲುತ್ತದೆ. ಹುಡುಗ ಕೋರ್ಸ್ ಮುಗಿಸುತ್ತಾನೆ ಅಥವಾ ಹಣ ಮುಗಿಯುತ್ತದೆ. ಆದರೆ ತಿಂಗಳುಗಟ್ಟಲೆ ನಿಂತ ಮೋಟಾರು ಒಮ್ಮೆಗೇ ತಿರುಗುವುದಿಲ್ಲ. ಮೈಯ ಸ್ವಂತ ಹಾರ್ಮೋನು ಮರಳಲು ವಾರಗಳು, ತಿಂಗಳುಗಳು, ಕೆಲವರಲ್ಲಿ ವರ್ಷಕ್ಕೂ ಮೇಲ್ಪಟ್ಟು ಕಾಲ ಹಿಡಿಯುತ್ತದೆ.

ಆ ನಡುವಿನ ಕಾಲ ಕತ್ತಲೆಯ ಕಾಲ. ಏಳಲು ಮನಸ್ಸಿಲ್ಲ, ಉಣ್ಣಲು ರುಚಿಯಿಲ್ಲ, ನಿದ್ದೆಯಿಲ್ಲ, ದಾಂಪತ್ಯದ ಬಯಕೆಯಿಲ್ಲ. ಕಷ್ಟಪಟ್ಟು ಕಟ್ಟಿದ ಮೈ ಕಣ್ಣೆದುರೇ ಕರಗುತ್ತಿರುತ್ತದೆ. ಮೈಯೊಂದರಲ್ಲಿಯೇ ತನ್ನ ಬೆಲೆಯನ್ನೆಲ್ಲ ಇಟ್ಟವನಿಗೆ ಅದು ಕರಗುವಾಗ ತಾನೇ ಇಲ್ಲವಾದಂತೆ ತೋರುತ್ತದೆ. ಸಾವಿನ ಯೋಚನೆ ಸುಳಿಯುವುದು ಈ ಕಾಲದಲ್ಲಿ. ಸ್ಟೆರಾಯ್ಡ್ ನಿಲ್ಲಿಸಿದ ಮೇಲಿನ ಖಿನ್ನತೆಯಲ್ಲಿ ಪ್ರಾಣ ಕಳೆದುಕೊಂಡವರ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಈ ಕತ್ತಲೆಯಿಂದ ಪಾರಾಗಲು ಆ ಹುಡುಗನಿಗೆ ಗೊತ್ತಿರುವುದು ಒಂದೇ ದಾರಿ: ಮತ್ತೆ ಸೂಜಿ. ಮತ್ತೊಂದು ಕೋರ್ಸ್, ಇನ್ನೂ ದೊಡ್ಡ ಪ್ರಮಾಣ. ಎರಡು ಕೋರ್ಸ್‌ಗಳ ನಡುವಿನ ಬಿಡುವು ಕಿರಿದಾಗುತ್ತ ಹೋಗಿ ಕಡೆಗೆ ಬಿಡುವೇ ಇಲ್ಲವಾಗುತ್ತದೆ. ಇದನ್ನು ವ್ಯಸನವೆನ್ನದೆ ಬೇರೇನೆನ್ನೋಣ?

ಹೀಗೆ ಸಿಲುಕುವವರು ಬೆರಳೆಣಿಕೆಯಷ್ಟಲ್ಲ. ಸ್ಟೆರಾಯ್ಡ್ ಬಳಸುವವರಲ್ಲಿ ಶೇಕಡ 30ರಷ್ಟು ಮಂದಿ ಅವಲಂಬನೆಗೆ ಒಳಗಾಗುತ್ತಾರೆಂದು ಸಂಶೋಧಕರ ಅಂದಾಜು. ಅವರನ್ನು ಕಟ್ಟಿಹಾಕುವ ಹಗ್ಗಗಳು ಮೂರು: ಮೈ ಸಣ್ಣದಾದೀತೆಂಬ ಭಯ, ನಿಲ್ಲಿಸಿದಾಗ ಹಾರ್ಮೋನು ಕುಸಿದು ಬರುವ ಖಿನ್ನತೆ, ಮೆದುಳಿನಲ್ಲಿಯೇ ಹುಟ್ಟುವ ಸುಖದ ಸೆಳೆತ. ಜಿಮ್ಮು, ಕನ್ನಡಿ, ಹೊಗಳಿಕೆ ಒಂದೂ ಗೊತ್ತಿಲ್ಲದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳು ಕೂಡ ಪ್ರಯೋಗಾಲಯದಲ್ಲಿ ಟೆಸ್ಟೊಸ್ಟೆರೋನನ್ನು ತಾವಾಗಿಯೇ ಮತ್ತೆ ಮತ್ತೆ ತೆಗೆದುಕೊಂಡವು. ಕೆಲವು ಸಾಯುವವರೆಗೂ ತೆಗೆದುಕೊಂಡವು.

ಹಾಗಿದ್ದರೂ ಇದನ್ನು ನಾವು ವ್ಯಸನವೆಂದು ಗುರುತಿಸುವುದಿಲ್ಲ, ಏಕೆ? ಸಾರಾಯಿ ಕುಡಿದವನು ಅರ್ಧ ಗಂಟೆಯಲ್ಲಿ ತೂರಾಡುತ್ತಾನೆ. ಸ್ಟೆರಾಯ್ಡ್ ಚುಚ್ಚಿಕೊಂಡವನು ತೂರಾಡುವುದಿಲ್ಲ, ವಾಸನೆ ಬರುವುದಿಲ್ಲ, ಚರಂಡಿಗೆ ಬೀಳುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ವ್ಯಾಯಾಮಕ್ಕೆ ಹೋಗುತ್ತಾನೆ! ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹತ್ತನೆಯ ಆವೃತ್ತಿಯೇ ಸ್ಟೆರಾಯ್ಡನ್ನು ಅವಲಂಬನೆ ಹುಟ್ಟಿಸದ ವಸ್ತುಗಳ ದುರ್ಬಳಕೆ ಎಂಬ ಗುಂಪಿನಲ್ಲಿರಿಸಿತ್ತು. ಪಂಡಿತರೇ ತಡವಾಗಿ ಕಣ್ತೆರೆದರೆಂದಮೇಲೆ ಮನೆಯವರನ್ನು ದೂರಿ ಫಲವೇನು? ಆದರೆ ಇಂದು ತಿಳಿದಿದೆ. ತಿಳಿದಮೇಲೂ ಕಣ್ಮುಚ್ಚಿದರೆ ಅದು ಅಜ್ಞಾನವಲ್ಲ, ಅಪರಾಧ.

ನಾವು ಹೇಳುವ ನಾಲ್ಕು ನೆಪಗಳು

ಮೊದಲನೆಯ ನೆಪ: "ಕುಡಿಯುವುದಕ್ಕಿಂತ ಇದು ವಾಸಿ." ಒಂದು ಹೊಂಡಕ್ಕೆ ಬಿದ್ದಿಲ್ಲವೆಂದು ಇನ್ನೊಂದು ಹೊಂಡಕ್ಕೆ ಬಿದ್ದವನನ್ನು ಹೊಗಳುವ ಮಾತಿದು. ಅಲ್ಲದೆ ಅದು ನಿಜವೂ ಅಲ್ಲ. ಸ್ಟೆರಾಯ್ಡಿನಿಂದ ಕೆರಳಿದ ನಿದ್ದೆಗೆಟ್ಟ ಮನಸ್ಸನ್ನು ಒರಗಿಸಲು ಮದ್ಯವನ್ನೋ ನಿದ್ದೆಮಾತ್ರೆಯನ್ನೋ ಹಿಡಿಯುವವರಿದ್ದಾರೆ. ಹುರುಪು ಸಾಲದೆಂದು ಇನ್ನೊಂದು ಸೂಜಿ ಹಿಡಿಯುವವರೂ ಇದ್ದಾರೆ. ಶಸ್ತ್ರಚಿಕಿತ್ಸೆಯ ವೇಳೆ ಕುಸಿದ ರಕ್ತದೊತ್ತಡವನ್ನು ಏರಿಸಲು ಅರಿವಳಿಕೆ ವೈದ್ಯರು ಬಳಸುವ ಮೆಫೆಂಟರ್ಮಿನ್ ಎಂಬ ಇಂಜೆಕ್ಷನ್ನು ನಮ್ಮ ದೇಶದ ಜಿಮ್ಮುಗಳಿಗೂ ಹೊಕ್ಕಿದೆ. ಅದು ಸ್ಟೆರಾಯ್ಡ್ ಅಲ್ಲ, ಉತ್ತೇಜಕ. ಅದಕ್ಕೆ ದಾಸರಾಗಿ, ಸಂಶಯದ ಭ್ರಮೆಗೆ ಸಿಲುಕಿ ಬಂದ ತರುಣರ ಪ್ರಕರಣಗಳನ್ನು ಭಾರತದ ಮನೋವೈದ್ಯರು ವರದಿ ಮಾಡಿದ್ದಾರೆ.

ಎರಡನೆಯ ನೆಪ: "ಅವನು ತಿನ್ನುವುದು ಬರೀ ಪೌಡರ್." ಇರಬಹುದು. ಪ್ರೋಟೀನ್ ಪುಡಿ ಎಂಬುದು ಸ್ಟೆರಾಯ್ಡ್ ಅಲ್ಲ. ಆದರೆ ಡಬ್ಬಿಯ ಮೇಲೆ ಬರೆದುದೇ ಡಬ್ಬಿಯೊಳಗೆ ಇದೆಯೆಂದು ಯಾರು ಭರವಸೆ ಕೊಟ್ಟರು? ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆಯನ್ನು ನೆನೆಯಿರಿ. ಉಡುಪಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದಾಗ ನಾಡೇ ಕುಣಿಯಿತು. ಮರುವರ್ಷ, 2011ರಲ್ಲಿ, ಅವರೂ ರಿಲೇ ತಂಡದ ಸಂಗಾತಿಗಳೂ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕಂಡುಬಂದದ್ದು ಮೆಥಾಂಡಿಯೆನೋನ್, ಮೇಲೆ ಹೇಳಿದ ಡಯನಾಬಾಲ್ ಮಾತ್ರೆಯ ವಸ್ತು ಅದೇ. ತಾವು ಬೇಕೆಂದು ಸೇವಿಸಲಿಲ್ಲ, ವಿದೇಶೀ ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತು ಎಂದು ಕ್ರೀಡಾಪಟುಗಳು ವಾದಿಸಿದರು. ತರಬೇತುದಾರರನ್ನು ತೆಗೆದುಹಾಕಲಾಯಿತು. ಮೊದಲು ಒಂದು ವರ್ಷವಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ದೇಶದ ಶಿಬಿರದಲ್ಲಿ, ಅಧಿಕಾರಿಗಳ ನಡುವೆ ಇದ್ದವರಿಗೇ ಹೀಗಾಗುವುದಾದರೆ, ಹೆಸರಿಲ್ಲದ ಅಂಗಡಿಯ ಡಬ್ಬಿಯನ್ನು ನಂಬಿದ ನಮ್ಮ ಹುಡುಗನ ಗತಿಯೇನು?

ಮೂರನೆಯ ನೆಪ: "ಸರ್ಕಾರ ನೋಡಿಕೊಳ್ಳಬೇಕು." ನಿಜ, ನೋಡಿಕೊಳ್ಳಬೇಕು. ಈ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂಬ ನಿಯಮವಿದೆ. 2022ರಲ್ಲಿ ರಾಷ್ಟ್ರೀಯ ಉದ್ದೀಪನಮದ್ದು ತಡೆ ಕಾಯಿದೆಯೂ ಬಂದಿದೆ. ಆದರೆ ಆ ಕಾಯಿದೆಯ ಕಣ್ಣಿರುವುದು ಸ್ಪರ್ಧೆಯ ಕ್ರೀಡೆಯ ಮೇಲೆ. ಯಾವ ಪದಕಕ್ಕೂ ಓಡದ, ಕನ್ನಡಿಗಾಗಿ ಮಾತ್ರ ಮೈ ಬೆಳೆಸುವ ಓಣಿಯ ಹುಡುಗನ ಮೂತ್ರವನ್ನು ಯಾವ ಅಧಿಕಾರಿಯೂ ಪರೀಕ್ಷಿಸುವುದಿಲ್ಲ. ಅವನನ್ನು ನೋಡಬೇಕಾದ ಕಣ್ಣು ಮನೆಯದು. ಚೀಟಿಯಿಲ್ಲದೆ ಇಂಜೆಕ್ಷನ್ ಮಾರುವವನೂ, ಶಿಷ್ಯನ ತೊಡೆಗೆ ತಾನೇ ಚುಚ್ಚುವ ಟ್ರೇನರನೂ ನಮ್ಮ ನಡುವಿನವರೇ. ಇಂಥವರು ದೇವಾಲಯದ ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ಅವರಿಗೂ ಈ ಮಾತು ತಲುಪಲಿ: ನೀವು ಮಾರುತ್ತಿರುವುದು ಒಬ್ಬ ತಾಯಿಯ ನಿದ್ದೆಯನ್ನು.

ನಾಲ್ಕನೆಯ ನೆಪ ಭಕ್ತರದು: "ಪ್ರಾರ್ಥನೆ ಮಾಡೋಣ, ಬಿಡುತ್ತಾನೆ." ಪ್ರಾರ್ಥನೆ ಬೇಡವೆನ್ನುವಷ್ಟು ಧಾರ್ಷ್ಟ್ಯ ನನಗಿಲ್ಲ. ಆದರೆ ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂದು ಬೋಧಿಸುವ ಸಿರಾಖನ ಗ್ರಂಥ ನಮ್ಮ ಬೈಬಲಿನಲ್ಲಿಯೇ ಇದೆಯಲ್ಲವೇ? ಕಾಲು ಮುರಿದರೆ ಮೂಳೆವೈದ್ಯರ ಬಳಿಗೆ ಓಡುವ ನಾವು ಮನಸ್ಸು ಮುರಿದಾಗ ಮಾತ್ರ ನವೇನವೊಂದರಲ್ಲಿಯೇ ಮುಗಿಸಲು ನೋಡುತ್ತೇವೆ. ಅದಕ್ಕೆ ಕಾರಣ ವಿಶ್ವಾಸವಲ್ಲ, ನಾಚಿಕೆ. ಮನೋವೈದ್ಯರ ಬಾಗಿಲಲ್ಲಿ ಯಾರಾದರೂ ನೋಡಿಯಾರೆಂಬ ನಾಚಿಕೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ನಮ್ಮನ್ನು ನಾವೇ ಕೇಳಿಕೊಂಡರೆ ಸಾಕು.

ಧರ್ಮಸಭೆಯ ಮಾತು, ನಮ್ಮ ನಡತೆ

ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದ ಸಭೆಗೆ ಬರೆದರು. ಈ ಮಾತನ್ನು ಈಗ ಜಿಮ್ಮಿನ ಗೋಡೆಯ ಮೇಲೂ ಬರೆಯುವವರಿದ್ದಾರೆ. ಆಲಯದ ಬೆಲೆಯಿರುವುದು ಒಳಗೆ ವಾಸಿಸುವವನಿಂದ ಎಂಬುದನ್ನು ಮಾತ್ರ ಮರೆಯುತ್ತಾರೆ. ಗೋಡೆಗೆ ಚಿನ್ನದ ತಗಡು ಹೊಡೆದು ಒಳಗಿನ ದೀಪ ಆರಿಸಿದರೆ ಅದು ಆಲಯವಾದೀತೇ? 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2289ನೆಯ ಕಂಡಿಕೆಯಲ್ಲಿ ಇದನ್ನು ಬಿಡಿಸಿ ಹೇಳಿದೆ: ದೇಹದ ಜೀವವನ್ನು ಗೌರವಿಸಬೇಕು, ಆದರೆ ದೇಹವನ್ನೇ ದೇವರಾಗಿಸಬಾರದು, ಮೈಯ ಪರಿಪೂರ್ಣತೆಯನ್ನೂ ಕ್ರೀಡೆಯ ಗೆಲುವನ್ನೂ ವಿಗ್ರಹವಾಗಿಸಿ ಎಲ್ಲವನ್ನೂ ಅದಕ್ಕೆ ಬಲಿಕೊಡಬಾರದು ಎಂಬುದು ಅದರ ತಾತ್ಪರ್ಯ.

ಆದರೆ ನಮ್ಮ ನಡತೆ? ಕುಡಿತದ ವಿರುದ್ಧ ಪ್ರವಚನ ಕೇಳಿದ್ದೇವೆ, ವ್ಯಸನಮುಕ್ತಿ ಶಿಬಿರಗಳನ್ನು ಕಂಡಿದ್ದೇವೆ. ಸ್ಟೆರಾಯ್ಡಿನ ಹೆಸರನ್ನು ಪೀಠದಿಂದ ಎಷ್ಟು ಸಲ ಕೇಳಿದ್ದೀರಿ? ಯುವಜನರ ಕೂಟಗಳಲ್ಲಿ ಎಷ್ಟು ಸಲ ಚರ್ಚೆಯಾಗಿದೆ? ಹಬ್ಬದ ಮೆರವಣಿಗೆಯಲ್ಲಿ ತೇರು ಹೊರಲು ಗಟ್ಟಿ ಹುಡುಗರನ್ನು ಹುಡುಕುವ ನಾವು, ಆ ಹೆಗಲಿನೊಳಗಿನ ಭಾರ ಯಾವುದೆಂದು ವಿಚಾರಿಸಿದ್ದೇವೆಯೇ? ಅಂಕ ಕಡಿಮೆ ತಂದವನನ್ನು, ಸಣಕಲನನ್ನು, ಕುಳ್ಳನನ್ನು ನಗೆಗೀಡುಮಾಡುವವರು ನಾವೇ. ಬಂಧುಗಳು ಸೇರಿದಾಗ, "ಏನೋ ಇದು, ಗಾಳಿಗೆ ಹಾರಿಹೋಗ್ತೀಯಾ" ಎಂದು ನಾವಾಡುವ ಒಂದು ತಮಾಷೆ ಹದಿನೈದರ ಹುಡುಗನ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. ಸೂಜಿಗಿಂತ ಮೊದಲು ಚುಚ್ಚಿದ್ದು ಆ ಮುಳ್ಳು.

ಹಾಗಾದರೆ ಏನು ಮಾಡಬೇಕು?

ತಂದೆತಾಯಿಗಳೇ, ಮೊದಲು ಕಣ್ಣು ತೆರೆಯಿರಿ. ಕೆಲವೇ ತಿಂಗಳಲ್ಲಿ ಅತಿಯಾಗಿ ಬೆಳೆದ ಮೈ, ಬೆನ್ನು ಹೆಗಲುಗಳ ಮೇಲೆ ಒಮ್ಮೆಗೇ ಎದ್ದ ಮೊಡವೆ, ಗಂಡುಮಗನಲ್ಲಿ ಉಬ್ಬಿದ ಎದೆತೊಟ್ಟು, ಕೋಣೆಯಲ್ಲಿ ಸಿರಿಂಜು ಅಥವಾ ಚಿಕ್ಕ ಗಾಜಿನ ಶೀಶೆ, ಲೆಕ್ಕಕ್ಕೆ ಸಿಗದ ಖರ್ಚು, ಏರಿಳಿಯುವ ಮನಸ್ಸು - ಇವು ಒಟ್ಟಿಗೆ ಕಂಡರೆ ಸುಮ್ಮನಿರಬೇಡಿ.

ಎರಡನೆಯದಾಗಿ, ಕೂಗಾಡಬೇಡಿ. ಶೀಶೆ ಒಡೆದು, "ನಾಳೆಯಿಂದ ಇದೆಲ್ಲ ಬಂದ್" ಎಂದು ಗುಡುಗಿ ಬಾಗಿಲು ಹಾಕಿಕೊಳ್ಳಬೇಡಿ. ನಿಲ್ಲಿಸುವುದೇನೋ ಬೇಕು, ಆದರೆ ನಿಲ್ಲಿಸಿದ ಮೇಲಿನ ವಾರಗಳೇ ಗಂಡಾಂತರದ ವಾರಗಳೆಂದು ಈಗ ನಿಮಗೆ ಗೊತ್ತು. ಆ ವಾರಗಳಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು. ಪಕ್ಕದಲ್ಲಿ ಕುಳಿತು ಕೇಳಿ. "ನಿನ್ನ ತೋಳು ಬೇಡ, ನೀನು ಬೇಕು" ಎಂಬುದು ಅವನಿಗೆ ಮುಟ್ಟುವಂತೆ ಹೇಳಿ.

ಮೂರನೆಯದಾಗಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಹಾರ್ಮೋನಿನ ಮಟ್ಟವನ್ನು ರಕ್ತ ಪರೀಕ್ಷೆಯಿಂದ ತಿಳಿಯಬಹುದು, ನಿಂತ ಮೋಟಾರನ್ನು ಮರಳಿ ತಿರುಗಿಸಲು ತಜ್ಞರು ನೆರವಾಗಬಲ್ಲರು, ಖಿನ್ನತೆಗೆ ಚಿಕಿತ್ಸೆಯಿದೆ. ದಾವಣಗೆರೆ ವೈದ್ಯಕೀಯ ಕಾಲೇಜುಗಳ ಊರು. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಬಾಗಿಲು ಬಡವರಿಗೂ ತೆರೆದಿದೆ. ಕಗ್ಗಂಟಾದ ವ್ಯಸನಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರತ್ಯೇಕ ವಿಭಾಗವೇ ಇದೆ. ರಾತ್ರಿ ಎರಡು ಗಂಟೆಗೆ ಮಗನ ಮಾತು ಕೇಳಿ ಎದೆ ನಡುಗಿದರೆ ಬೆಳಗಿನವರೆಗೆ ಕಾಯಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿ. ಹಗಲುರಾತ್ರಿ, ಕನ್ನಡದಲ್ಲಿಯೇ, ಹಣವಿಲ್ಲದೆ ಮಾತನಾಡಬಹುದು.

ಇನ್ನು ಧರ್ಮಕೇಂದ್ರಗಳಿಗೆ ನನ್ನ ವಿನಂತಿ. ಈ ವರ್ಷದ ಯುವಜನರ ಧ್ಯಾನಕೂಟದಲ್ಲಿ ಒಂದು ತಾಸನ್ನು ಇದಕ್ಕೆ ಮೀಸಲಿಡಿ. ಒಬ್ಬ ಮನೋವೈದ್ಯರನ್ನು ಕರೆಸಿ. ಪಾಪನಿವೇದನೆಯ ಪೀಠದಲ್ಲಿ ಇಂಥ ಹುಡುಗ ಮೊಣಕಾಲೂರಿದರೆ ಗುರುಗಳು ಕ್ಷಮೆಯ ಜೊತೆಗೆ ವೈದ್ಯರ ದಾರಿಯನ್ನೂ ತೋರಲಿ. ಜಿಮ್ಮು ನಡೆಸುವ ನಮ್ಮ ಸಹೋದರರು, "ಇಲ್ಲಿ ಸೂಜಿಗೆ ಜಾಗವಿಲ್ಲ" ಎಂದು ಗೋಡೆಯ ಮೇಲೆ ಬರೆಸಲಿ, ಬರೆದಂತೆ ನಡೆಯಲಿ.

ತರುಣ ಮಿತ್ರನೇ, ಈ ಪತ್ರಿಕೆಯನ್ನು ಮನೆಯವರು ಓದಿ ಮೇಜಿನ ಮೇಲಿಟ್ಟಾಗ ನೀನೂ ಕೈಗೆತ್ತಿಕೊಂಡಿದ್ದರೆ, ನಿನಗೊಂದು ಮಾತು. ಗೊಲ್ಯಾತನ ಎದುರು ಹೊರಟ ದಾವೀದನಿಗೆ ರಾಜ ಸೌಲನು ತನ್ನ ಕವಚವನ್ನೂ ಕಂಚಿನ ಶಿರಸ್ತ್ರಾಣವನ್ನೂ ತೊಡಿಸಿದನು. ಹುಡುಗ ನಡೆಯಲು ನೋಡಿದನು, ಆಗಲಿಲ್ಲ. ಆ ಎರವಲು ಭಾರವನ್ನು ಕಳಚಿಟ್ಟು, ಹಳ್ಳದ ಐದು ನುಣುಪು ಕಲ್ಲುಗಳನ್ನು ಹಿಡಿದು, ತನ್ನದೇ ಮೈಯಲ್ಲಿ ಮುಂದೆ ಹೋದನು. ನಿನ್ನ ಮೈಮೇಲಿರುವುದೂ ಎರವಲು ಕವಚವೇ. ಕಳಚಲು ನಾಚಬೇಡ. ಒಬ್ಬನೇ ಕಳಚಲೂ ಹೋಗಬೇಡ; ಮನೆಯಲ್ಲಿ ಒಬ್ಬರಿಗೆ ಇಂದೇ ಹೇಳು. ಬರುವ ಸೆಪ್ಟೆಂಬರಿನಲ್ಲಿ ಹರಿಹರಕ್ಕೆ ನಿನ್ನ ತಾಯಿಯ ಜೊತೆ ನೀನೂ ಬಾ. ಆರೋಗ್ಯಮಾತೆಯ ಮುಂದೆ ಅವಳು ನಿನ್ನ ಹೆಸರು ಹೇಳುವಾಗ, ಈ ಸಲ ಅವಳಿಗೆ ಎಲ್ಲವೂ ಗೊತ್ತಿರಲಿ.